ಬೆಲ್ಲ, ಹಗ್ಗ, ಎಮ್ಮೆ

ಆ ಮೂರು ಪದಗಳನ್ನು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಹೇಳುವಾಗ ನನ್ನ ನಾಲಿಗೆ ಎಲ್ಲಿ ನುಣುಚಿಕೊಳ್ಳಲು ನೋಡುತ್ತದೋ ನನಗೇ ಭರವಸೆಯಿಲ್ಲ.

ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಸಭಾಂಗಣದಲ್ಲಿ ನಮಗೆ ಮೂರು ದಿನದ ತರಬೇತಿ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳಲ್ಲಿ ವಯಸ್ಸಾದವರಿಗೆ ಬರುವ ಮರೆವಿನ ರೋಗ ಎಷ್ಟಿದೆ, ಅಂಥವರನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಯುವ ಸಂಶೋಧನೆಗೆ ಸರ್ಕಾರ ಹಣ ಕೊಟ್ಟಿತ್ತು. ಮನೆಮನೆಗೆ ಹೋಗಿ ಪರೀಕ್ಷೆ ಮಾಡುವ ಕೆಲಸ ನಮ್ಮದು. ನಾನು ಕೊಟ್ಟೂರಿನವಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನೆಲೆಸಿದವಳು. ಪೋಲಿಯೋ ಹನಿಯಿಂದ ಹಿಡಿದು ಶೌಚಾಲಯ ಎಣಿಸುವವರೆಗೆ ಯಾವ ಸಮೀಕ್ಷೆ ಬಂದರೂ ನನ್ನ ಹೆಗಲಿಗೊಂದು ಚೀಲ ಬೀಳುತ್ತಿತ್ತು. ನನಗೆ ಬಾಯಿ ಜೋರು ಅನ್ನುತ್ತಾರೆ ಜನ. ಅನ್ನಲಿ. ಮುಚ್ಚಿದ ಬಾಗಿಲು ತೆಗೆಸಬೇಕಾದರೆ ಇಂಥ ಬಾಯೇ ಬೇಕು.

ಪರೀಕ್ಷೆಯಲ್ಲಿ ಒಂದು ಮುಖ್ಯ ಭಾಗ ಹೀಗಿತ್ತು. ಮೂರು ಪದ ಹೇಳಬೇಕು, ನೆನಪಿಟ್ಟುಕೊಳ್ಳಿ ಅನ್ನಬೇಕು, ನಡುವೆ ಬೇರೆ ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಆ ಮೂರು ಪದ ಯಾವುವು ಹೇಳಿ ಅನ್ನಬೇಕು. ಅಚ್ಚಾಗಿ ಬಂದ ಹಾಳೆಯಲ್ಲಿ ಸೇಬು, ಮೇಜು, ನಾಣ್ಯ ಎಂದಿತ್ತು. ನಾನು ಎದ್ದು ನಿಂತೆ. "ಡಾಕ್ಟ್ರಮ್ಮ, ನಮ್ಮ ಕಡಿ ಮುದುಕೇರು ಮೇಜಿನ ಮ್ಯಾಲೆ ಏನು ಇಟ್ಟಾರಂತ ನೆನಪಿಡಬೇಕ್ರಿ? ನೆಲದ ಮ್ಯಾಲೆ ಕುಂತು ಉಂಡವರಿಗೆ ಮೇಜು ಯಾಕ ನೆನಪಿರ್ತೈತಿ?" ಎಂದೆ. ಹುಡುಗಿಯರೆಲ್ಲ ನಕ್ಕರು. ಯೋಜನೆಯ ಮುಖ್ಯಸ್ಥೆಯಾಗಿದ್ದ ಆ ಡಾಕ್ಟ್ರಮ್ಮನೂ ನಕ್ಕರು. "ಹಂಗಾದ್ರ ನೀವ ಹೇಳ್ರಿ," ಎಂದರು. ನನ್ನ ಬಾಯಿಗೆ ಬಂದದ್ದು ನಮ್ಮ ಮನೆ-ಹಿತ್ತಿಲಿನ ಸಾಮಾನು. ಬೆಲ್ಲ, ಹಗ್ಗ, ಎಮ್ಮಿ. ಅವರು ಹಲಗೆಯ ಮೇಲೆ ಬರೆದರು. ಮೇಲಿನವರಿಗೆ ಕಾಗದ ಹೋಗಿ ಒಪ್ಪಿಗೆಯೂ ಬಂತು. ಐದೂ ತಾಲೂಕಿಗೆ ಅವೇ ಮೂರು, ಎಲ್ಲರಿಗೂ ಅಳತೆ ಒಂದೇ ಇರಬೇಕು. ನಾನು ಆ ದಿನ ಎಷ್ಟು ಉಬ್ಬಿದ್ದೆನೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿಕೊಂಡೆ.

ಡಾಕ್ಟ್ರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಈಗ ಬಂದಿರುವ ಹಣ ಹುಡುಕುವುದಕ್ಕೆ ಮಾತ್ರ. ರೋಗಿಗಳು ಇದ್ದಾರೆಂದು ಕಾಗದದಲ್ಲಿ ಕಂಡರೆ ಎರಡನೇ ಹಂತದ ಹಣ ಬರುತ್ತದೆ. ಅದರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕೋಣೆ, ವಾರಕ್ಕೊಮ್ಮೆ ಬರುವ ಮರೆವಿನ ಡಾಕ್ಟರು, ರೋಗಿಗಳನ್ನು ಹಗಲೆಲ್ಲ ನೋಡಿಕೊಳ್ಳುವುದಕ್ಕೆ ಇಬ್ಬರು ದಾದಿಯರು. "ಕಾಗದದಾಗ ಇಲ್ಲದ ರೋಗಕ್ಕ ಸರ್ಕಾರ ರೊಕ್ಕ ಕೊಡಂಗಿಲ್ಲ. ಅದಕ್ಕ ಒಬ್ಬರನ್ನೂ ಬಿಡಬ್ಯಾಡ್ರಿ," ಎಂದರು.

ಮೊದಲ ಹದಿನೈದು ದಿನ ಚೆನ್ನಾಗಿಯೇ ನಡೆಯಿತು. ಕೊಟ್ಟೂರಿನಲ್ಲಿ ನಮ್ಮ ಹಿಂದಿನ ಓಣಿಯ ಒಬ್ಬ ಮುದುಕಿಗೆ ರೋಗವಿದೆ ಎಂದು ಗೊತ್ತಾಯಿತು. ಆಕೆಗೊಂದು ಚೀಟಿ ಕೊಟ್ಟೆವು, ಮುಂದಿನ ಹಂತದಲ್ಲಿ ಕರೆಯುತ್ತೇವೆ ಎಂದು ಹೇಳಿ ಬಂದೆವು. ಒಳ್ಳೆಯದು ಮಾಡಿದೆ ಅಂದುಕೊಂಡೆ. ವಾರ ಕಳೆಯುವುದರಲ್ಲಿ ಓಣಿಯವರು ಆಕೆಯ ಕೈಗೆ ಕೂಸು ಕೊಡುವುದನ್ನು ಬಿಟ್ಟರು. ಆಕೆ ಕಟ್ಟೆಗೆ ಬಂದು ಕೂತರೆ ಮಾತು ನಿಲ್ಲುತ್ತಿತ್ತು. ಮನೆಯವರೇ ಹೊರಗಿನ ಚಿಲಕ ಹಾಕತೊಡಗಿದರು. ಅದರ ಮೇಲೆ ಯಾರೋ ಒಂದು ಸುದ್ದಿ ಹುಟ್ಟಿಸಿದರು, ಈ ಪರೀಕ್ಷೆಯಲ್ಲಿ ತಪ್ಪಿದವರಿಗೆ ತಿಂಗಳ ಪಗಾರ ನಿಲ್ಲುತ್ತದಂತೆ ಎಂದು. ಪಗಾರವೆಂದರೆ ಮುದುಕರಿಗೆ ಬರುವ ಪಿಂಚಣಿ. ನಾನು ಗಂಟಲು ಹರಿಯುವ ಹಾಗೆ ಇಲ್ಲ ಎಂದು ಕೂಗಿಕೊಂಡೆ. ಯಾರು ಕೇಳುತ್ತಾರೆ?

ಆಮೇಲೆ ಹಡಗಲಿ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಮೊದಲ ಮನೆಯ ಮುದುಕ ಮೂರೂ ಪದವನ್ನು ಪಟಪಟನೆ ಹೇಳಿದ. ಎರಡನೆಯ ಮನೆಯಲ್ಲೂ ಹಾಗೇ. ಐದನೆಯ ಮನೆಯ ಮುದುಕ ಬೆಲ್ಲ, ಹಗ್ಗ, ಎಮ್ಮಿ ಎಂದು ಹೇಳಿ ಮುಗಿಸಿ, ಎದುರಿಗೆ ನಿಂತ ಸ್ವಂತ ಮಗನಿಗೆ, "ತಮ್ಮಾ, ನೀ ಯಾರ ಪೈಕಿ?" ಎಂದು ಕೇಳಿದ. ಮಗ ತಲೆ ತಗ್ಗಿಸಿದ. ನನ್ನ ಜೊತೆಗಿದ್ದವಳು ಹರಪನಹಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು, ಇಪ್ಪತ್ತೈದರ ಹುಡುಗಿ, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಹೊರಗೆ ಬಂದು, "ಅಕ್ಕಾ, ಇಡೀ ಊರಿಗೆ ಪೇಪರ್ ಔಟ್ ಆಗೈತಿ," ಎಂದಳು. ಪರೀಕ್ಷೆ ಮುಗಿಸಿದ ಮನೆಯವರು ಸಂಜೆ ಕಟ್ಟೆಯ ಮೇಲೆ ಹೇಳಿದ್ದರು, ಕಟ್ಟೆಯವರು ಬೇರೆ ಊರಿನ ನೆಂಟರಿಗೆ ಫೋನು ಹಚ್ಚಿದ್ದರು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾನು ಆರಿಸಿದ ಬೆಲ್ಲ, ಹಗ್ಗ, ಎಮ್ಮೆ ನನಗಿಂತ ಮೊದಲೇ ಹೋಗಿ ಕೂತಿದ್ದವು. ಕೊಟ್ಟೂರಿನ ಹತ್ತಿರದ ಉಜ್ಜಿನಿಯಲ್ಲಂತೂ ಆಡುವ ಮಕ್ಕಳು ನಮ್ಮ ಚೀಲ ನೋಡಿದ ಕೂಡಲೇ ಅವನ್ನು ಕೂಗಿಕೊಂಡು ಓಡಿದವು.

ಡಾಕ್ಟ್ರಮ್ಮನಿಗೆ ಹೇಳಿದೆವು. ಅರ್ಧದಲ್ಲಿ ಪದ ಬದಲಿಸಿದರೆ ಹಿಂದೆ ಮಾಡಿದ್ದೆಲ್ಲ ವ್ಯರ್ಥ, ಮೇಲಿನವರು ಒಪ್ಪುವುದಿಲ್ಲ ಎಂದರು. ಹೇಳಿಕೊಟ್ಟಂತೆ ಕಂಡರೆ ಹಾಳೆಯ ಅಂಚಿನಲ್ಲಿ ಬರೆಯಿರಿ ಎಂದರು. ಬರೆಯುವುದು ಹೇಗೆ? ಎದುರಿಗೆ ಮನೆಯವರು ಚಹಾ ಲೋಟ ಹಿಡಿದು ನಿಂತಿರುತ್ತಾರೆ.

ನನ್ನ ಸಿಟ್ಟು ಒಡೆದದ್ದು ಹರಪನಹಳ್ಳಿ ತಾಲೂಕಿನ ನೀಲಗುಂದದ ಒಂದು ಮನೆಯಲ್ಲಿ. ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ನಾನು ಪದ ಯಾವುವು ಎಂದು ಕೇಳಿದಾಗ ಆಕೆಯ ಕಣ್ಣು ನನ್ನ ಬೆನ್ನ ಹಿಂದೆ ಹೋಯಿತು. ತಿರುಗಿ ನೋಡಿದರೆ ಸೊಸೆ ಬಾಗಿಲಲ್ಲಿ ನಿಂತು ದನಿಯಿಲ್ಲದೆ ತುಟಿ ಆಡಿಸುತ್ತಿದ್ದಳು.

"ನಾಚಿಕಿ ಬರಂಗಿಲ್ಲೇನು ನಿಮಗ?" ಎಂದು ನಾನು ಅರಚಿದೆ. "ಈಕಿ ರೋಗ ಮುಚ್ಚಿಟ್ಟು ನೀವೇನು ಗಳಸ್ತೀರಿ? ಔಷಧ ಬರೋ ದಾರಿಗೆ ಕಲ್ಲು ಇಡಾಕತ್ತೀರಲ್ಲ!"

ಆ ಸೊಸೆಗೆ ನನ್ನಷ್ಟೇ ವಯಸ್ಸು. ಕೈಗೆ ಹಿಟ್ಟು ಮೆತ್ತಿತ್ತು. ಆಕೆ ದನಿ ಏರಿಸಲಿಲ್ಲ. "ಹೌದ್ರಿ, ಕಲಿಸೀನಿ. ನೀವು ಬರಕೊಂಡು ಬಸ್ ಹತ್ತಿ ಹೋಗ್ತೀರಿ. ಊರಾಗ ಹುಚ್ಚಿ ಅನ್ನಿಸಿಕೊಂಡು ಬದುಕಾಕಿ ಈಕಿ, ಈಕಿ ಸಂಗಾಟ ಇರಾಕಿ ನಾನು. ನಿಮ್ಮವ್ವ ನೆಟ್ಟಗ ಅದಾಳ ಅಂತ ಕಾಣ್ತೈತಿ, ಅದಕ್ಕ ಇಷ್ಟು ಮಾತಾಡ್ತೀರಿ."

"ನಮ್ಮವ್ವನ ಸುದ್ದಿ ನಿಮಗ ಬ್ಯಾಡ," ಎಂದು ಚೀಲ ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಹುಡುಗಿ ಏನೋ ಮಾತಾಡಿಸಿದಳು, ನಾನು ಕಿಟಕಿಯ ಕಡೆ ಮುಖ ಮಾಡಿದೆ. ನನ್ನೊಳಗಿದ್ದದ್ದು ಬರೀ ಸಿಟ್ಟಾಗಿರಲಿಲ್ಲ, ಹೆದರಿಕೆಯೂ ಇತ್ತು.

ಯಾಕೆಂದರೆ ನಮ್ಮವ್ವ ನೆಟ್ಟಗಿರಲಿಲ್ಲ.

ನಮ್ಮವ್ವ ನಲವತ್ತು ವರ್ಷ ಜೋಳದ ರೊಟ್ಟಿ ಬಡಿದು ಮಾರಿ ನಮ್ಮನ್ನು ಸಾಕಿದವಳು. ಮದುವೆ, ತಿಥಿ, ಹಬ್ಬ, ಎಲ್ಲದಕ್ಕೂ ನಮ್ಮ ಮನೆಯಿಂದಲೇ ಬುಟ್ಟಿಗಟ್ಟಲೆ ರೊಟ್ಟಿ ಹೋಗುತ್ತಿತ್ತು. ನನ್ನ ತಮ್ಮ ಅಂಗಡಿ ಹಾಕಿಕೊಂಡ ಮೇಲೆ ಸಾಕು ಬಿಡು ಅಂದರೂ ಬಿಡಲಿಲ್ಲ. ಒಲೆಯ ಮುಂದೆ ಕೂತರೆ ಆಕೆ ರಾಣಿ. ತಮ್ಮನ ಹೆಂಡತಿಗೆ ರೊಟ್ಟಿ ಬೇಯಿಸುವ ಹಂಚು ಮುಟ್ಟಲೂ ಬಿಡುತ್ತಿರಲಿಲ್ಲ, ಮುಟ್ಟಿದರೆ, "ನಿನ್ನ ರೊಟ್ಟಿ ನೋಡಿದ್ರ ಆಕಳೂ ಮೂಗು ಮುರಿತೈತಿ," ಎಂದು ಅಂದುಬಿಡುತ್ತಿದ್ದಳು. ಅಂಥವಳು ಆರು ತಿಂಗಳಿಂದ ಹಿಟ್ಟಿಗೆ ಉಪ್ಪು ಎರಡು ಸಲ ಹಾಕುತ್ತಿದ್ದಳು. ಸತ್ತುಹೋದ ಗಿರಾಕಿಯ ಮನೆಗೆ ರೊಟ್ಟಿ ಕಟ್ಟಿ ಕಳಿಸು ಅನ್ನುತ್ತಿದ್ದಳು. ಮಧ್ಯಾಹ್ನ ಉಂಡು ಕೈ ತೊಳೆದು, ಯಾವಾಗ ಉಣ್ಣೋದು ಎಂದು ಕೇಳುತ್ತಿದ್ದಳು. ತಮ್ಮ, "ವಯಸ್ಸಾತಲ್ಲ," ಅನ್ನುತ್ತಿದ್ದ. ನಾನೂ ಹೂಂಗುಟ್ಟುತ್ತಿದ್ದೆ. ಮೂರು ದಿನ ತರಬೇತಿ ತೆಗೆದುಕೊಂಡವಳು ನಾನು, ಊರೂರು ತಿರುಗಿ ಇದೇ ಲಕ್ಷಣಗಳನ್ನು ಹುಡುಕುತ್ತಿದ್ದವಳು ನಾನು. ನನಗೆ ಗೊತ್ತಿರಲಿಲ್ಲ ಎಂದರೆ ಬಾಯಲ್ಲಿ ಹುಳ ಬೀಳಬೇಕು.

ನಮ್ಮ ಓಣಿಯ ಸರದಿ ಬಂತು. ಸ್ವಂತ ಮನೆಯವರನ್ನು ಪರೀಕ್ಷೆ ಮಾಡಬಾರದೆಂಬ ನಿಯಮವಿತ್ತು, ಆದ್ದರಿಂದ ನಮ್ಮ ಮನೆಗೆ ಹುಡುಗಿ ಬರುವುದೆಂದು ಗೊತ್ತಾಯಿತು. ನಾನು ಅವ್ವನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಲೇ, ಅವರು ಏನು ಕೇಳ್ತಾರ? ನನಗ ಮೊದಲ ಹೇಳಿಕೊಡು."

"ಹಂಗ ಹೇಳಿಕೊಡಬಾರದು ಯವ್ವಾ. ತಪ್ಪಾಕ್ಕೈತಿ. ನಿನಗ ಏನಾಗೇತಿ ಅಂತ ಗೊತ್ತಾದ್ರ ಚಲೋ ಅಲ್ಲೇನು? ಡಾಕ್ಟರು ಬರ್ತಾರ."

"ನನಗ ಏನಾಗೇತಿ ಅಂತ ನನಗ ಗೊತ್ತೈತಿ." ಆಕೆ ನನ್ನನ್ನು ನೋಡಲಿಲ್ಲ, ಹಂಚನ್ನು ನೋಡುತ್ತಿದ್ದಳು. "ತಲ್ಯಾಗ ತೂತು ಬಿದ್ದೈತಿ. ಹಿಂದಿನ ಓಣ್ಯಾಕಿನ ನೋಡಿದಿಲ್ಲ? ಚೀಟಿ ಬಂದ ಮ್ಯಾಲೆ ಆಕಿ ಕೈಯಾಗಿನ ಚಾ ಕಪ್ಪು ಸೈತ ಕಸಗೊಂಡರು. ನನ್ನ ಆ ಪಟ್ಟಿಗೆ ಹಾಕಿದ್ರ ನಿನ್ನ ತಮ್ಮನ ಹೆಂಡ್ತಿ ಮರುದಿನ ನನ್ನ ಒಲಿ ಮುಂದಿಂದ ಎಬ್ಬಿಸ್ತಾಳ. ಆಮ್ಯಾಲೆ ನಾ ಎಲ್ಲಿ ಕುಂದರಲಿ?" ಆಕೆ ನನ್ನ ಮೊಣಕೈ ಹಿಡಿದಳು. ಹಿಟ್ಟಿನ ಕೈ. "ನಿನ್ನ ಕಾಲು ಬೀಳ್ತೀನಿ, ಹೇಳಿಕೊಡು."

ನಮ್ಮವ್ವ ಯಾರ ಕಾಲಿಗೂ ಬಿದ್ದವಳಲ್ಲ. ಅಪ್ಪ ಸತ್ತಾಗ ಸಾಲ ಕೊಟ್ಟವರು ಬಾಗಿಲಿಗೆ ಬಂದರೂ ಸೆರಗು ಸಿಕ್ಕಿಸಿಕೊಂಡು ಎದುರು ನಿಂತವಳು. ನಾನು ಹೇಳಿಕೊಟ್ಟೆ.

ಒಂದು ದಿನವಲ್ಲ, ಹನ್ನೆರಡು ದಿನ. ಹೇಳಿದ್ದು ಹೇಳಿದ ಹಾಗೆ ಸೋರಿಹೋಗುತ್ತಿತ್ತು. ಬೆಲ್ಲ ಉಳಿದರೆ ಹಗ್ಗ ಇಲ್ಲ, ಹಗ್ಗ ಬಂದರೆ ಎಮ್ಮೆ ಇಲ್ಲ. ನಾನು ಬೈದೆ, ರೇಗಿದೆ, ಒಮ್ಮೆ ಎದ್ದು ಹೋಗಿ ಬಚ್ಚಲಲ್ಲಿ ಅತ್ತೆ. ಕಡೆಗೆ ಉಪಾಯ ಕಂಡುಹಿಡಿದವಳು ಅವ್ವನೇ. ರೊಟ್ಟಿ ಬಡಿಯುವ ಕೈಗೆ ಪದ ಹೊಂದಿಸಿದಳು. ಒಂದು ಪೆಟ್ಟಿಗೆ ಬೆಲ್ಲ, ಹಿಟ್ಟು ತಿರುಗಿಸಿ ಇನ್ನೊಂದು ಪೆಟ್ಟಿಗೆ ಹಗ್ಗ, ಮೂರನೆಯದಕ್ಕೆ ಎಮ್ಮಿ. ಒಂದು ರೊಟ್ಟಿ ಅಗಲವಾಗುವಷ್ಟರಲ್ಲಿ ಹತ್ತಾರು ಸಲ ಬಾಯಿಗೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಜೊತೆಗೂಡುತ್ತಿದ್ದೆ. ಒಂದೊಂದು ಸಲ ಇಬ್ಬರಿಗೂ ನಗು ಬರುತ್ತಿತ್ತು. ಎಷ್ಟೋ ವರ್ಷದಿಂದ ನಾವಿಬ್ಬರೂ ಹಾಗೆ ಹತ್ತಿರ ಕೂತಿರಲಿಲ್ಲ. ಆ ಹನ್ನೆರಡು ದಿನ ಸುಖವಾಗಿದ್ದವು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಹಾಗೇ ಇದ್ದವು.

ಹುಡುಗಿ ಬಂದಳು. ಅವ್ವ ಒಗೆದ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ, ನೀಲಗುಂದದ ಸೊಸೆ ನಿಂತಿದ್ದ ಹಾಗೇ, ಆದರೆ ತುಟಿ ಬಿಗಿಹಿಡಿದು.

"ಅಮ್ಮಾ, ಈಗ ನಾನು ಮೂರು ಪದ ಹೇಳ್ತೀನ್ರಿ, ಚೆಂದಾಗಿ ಕೇಳಿ ನೆನಪಿಟ್ಟಗೋಬೇಕು," ಎಂದಳು ಹುಡುಗಿ.

ಅವ್ವ ತೊಡೆಯ ಮೇಲೆ ಅಂಗೈ ಬಡಿದಳು. "ಬೆಲ್ಲ. ಹಗ್ಗ. ಎಮ್ಮಿ." ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ. ಅವ್ವ ನನ್ನ ಕಡೆ ತಿರುಗಿ, ಶಾಲೆಯ ಮಗು ನೋಡುವ ಹಾಗೆ ನೋಡಿ ಕೇಳಿದಳು: "ಸರಿ ಹೇಳಿದ್ನಿಲ್ಲ?"

ಹುಡುಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಊರೂರಲ್ಲಿ ಜನರ ಮೇಲೆ ನಾನು ಹರಿಹಾಯುವುದನ್ನು ನೋಡಿದವಳು ಆಕೆ, ಒಂದು ಮಾತು ಅಂದಿದ್ದರೂ ಸಾಕಿತ್ತು. ಅನ್ನಲಿಲ್ಲ. ಉಳಿದ ಪ್ರಶ್ನೆಗಳನ್ನು ಕೇಳಿದಳು. ಅವ್ವ ವಾರ ತಪ್ಪು ಹೇಳಿದಳು, ತಿಂಗಳು ತಪ್ಪು ಹೇಳಿದಳು. ಹುಡುಗಿ ಎಲ್ಲದಕ್ಕೂ ಸರಿ ಗುರುತು ಹಾಕಿದ್ದು ನನಗೆ ಬಾಗಿಲಿನಿಂದಲೇ ಕಾಣಿಸಿತು. ಹೋಗುವಾಗ ಅವ್ವನ ಕೈ ಹಿಡಿದು, "ನಿಮ್ಮ ರೊಟ್ಟಿ ತಿನ್ನಾಕ ಬರ್ತೀನ್ರಿ ಅಮ್ಮಾ," ಎಂದಳು. ಅವ್ವ ಅಂದು ಸಂಜೆ ತಮ್ಮನ ಹೆಂಡತಿಗೆ, ನಾನು ಪಾಸಾದೆ ಎಂದು ಹತ್ತು ಸಲ ಹೇಳಿದಳು.

ಆರು ತಿಂಗಳ ಮೇಲೆ ಡಾಕ್ಟ್ರಮ್ಮ ನಮ್ಮೆಲ್ಲರನ್ನೂ ಮತ್ತೆ ಅದೇ ಸಭಾಂಗಣಕ್ಕೆ ಕರೆಸಿದರು. ಈ ಸಲ ನಗು ಇರಲಿಲ್ಲ. ಐದು ತಾಲೂಕಿನಲ್ಲಿ ರೋಗಿಗಳು ಬೆರಳೆಣಿಕೆಯಷ್ಟು ಮಾತ್ರ ಎಂದು ನಮ್ಮ ಹಾಳೆಗಳು ಹೇಳುತ್ತಿದ್ದವು. ಇಷ್ಟಕ್ಕೆ ಎರಡನೇ ಹಂತದ ಹಣ ಬೇಡ, ಅಗತ್ಯವಿರುವ ಬೇರೆ ಕಡೆ ಕೊಡೋಣ ಎಂದು ಮೇಲಿನವರು ಬರೆದಿದ್ದರು.

"ಇದು ಸುಳ್ಳು ಅಂತ ನನಗ ಗೊತ್ತು, ನಿಮಗೂ ಗೊತ್ತು," ಎಂದರು ಡಾಕ್ಟ್ರಮ್ಮ. "ಆದ್ರ ನಾನು ಬರೇ ಬಾಯಿಲೆ ಹೇಳಿದ್ರ ಅವರು ಕೇಳಂಗಿಲ್ಲ. ರೋಗ ಇದ್ದೂ ಪಾಸಾದವರು ಯಾರರ ನಿಮಗ ಖಾತ್ರಿ ಗೊತ್ತಿದ್ರ ಬರದು ಕೊಡ್ರಿ. ಪ್ರತಿಯೊಬ್ಬರೂ ಒಬ್ಬೊಬ್ಬರನ್ನ ಬರದ್ರೂ ಸಾಕು. ಮತ್ತೊಮ್ಮೆ ಪರೀಕ್ಷೆ ಮಾಡಾಕ ಅವಕಾಶ ಕೇಳ್ತೀನಿ. ಯಾರನ್ನೂ ಬೈಯಂಗಿಲ್ಲ."

ಒಂದೊಂದು ಬಿಳಿ ಹಾಳೆ ಹಂಚಿದರು. ನಾನು ಪೆನ್ನು ತೆಗೆದೆ. ನೀಲಗುಂದದ ಮುದುಕಿಯನ್ನು ಬರೆಯಬಹುದಿತ್ತು, ಹಡಗಲಿ ಕಡೆಯ ಆ ಮುದುಕನನ್ನು ಬರೆಯಬಹುದಿತ್ತು. ಆದರೆ ಅವರನ್ನು ಬರೆದು ನಮ್ಮವ್ವನನ್ನು ಬಿಡುವಷ್ಟು ನಾಚಿಕೆಗೇಡಿ ಆಗಲಾರದೆ ಹೋದೆ. ನಮ್ಮವ್ವನನ್ನು ಬರೆಯುವಷ್ಟು ಧೈರ್ಯವೂ ಬರಲಿಲ್ಲ. ಬರೆದರೆ ಹುಡುಗಿಯ ಕೆಲಸಕ್ಕೂ ಕುತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೈಯುವುದಿಲ್ಲ ಎಂದು ಡಾಕ್ಟ್ರಮ್ಮ ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ. ಪಕ್ಕದಲ್ಲಿ ಹುಡುಗಿ ನನ್ನ ಹಾಳೆಯನ್ನೇ ನೋಡುತ್ತಿದ್ದಳು, ನಾನು ಬರೆದರೆ ತಾನೂ ಬರೆಯೋಣ ಅನ್ನುವ ಹಾಗೆ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಕೆಯೂ ಹಾಕಿದಳು. ಡಾಕ್ಟ್ರಮ್ಮ ಹಾಳೆಗಳನ್ನು ಒಟ್ಟುಮಾಡಿ ಒಂದೊಂದನ್ನೇ ತಿರುಗಿಸಿ ನೋಡಿದರು. ಎಲ್ಲವೂ ಬಿಳಿ. ಎಲ್ಲರ ಮನೆಯಲ್ಲೂ ಒಬ್ಬೊಬ್ಬರಿದ್ದರೋ ಏನೋ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, "ಊಟ ಮಾಡಿ ಹೋಗ್ರಿ," ಎಂದರು.

ಕೋಣೆ ಆಗಲಿಲ್ಲ. ಡಾಕ್ಟರು ಬರಲಿಲ್ಲ.

ಅವ್ವ ಮುಂದಿನ ಒಂದು ವರ್ಷ ಒಲೆಯ ಮುಂದೆ ಕೂತಳು. ಅದೊಂದನ್ನು ಆಕೆಗೆ ಉಳಿಸಿಕೊಟ್ಟೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಮೇಲೆ ಒಂದು ಮಧ್ಯಾಹ್ನ ಕಾದ ಹಂಚನ್ನು ಬರಿಗೈಯಲ್ಲಿ ಎತ್ತಿದಳು. ಎತ್ತಿ ಹಿಡಿದೇ ನಿಂತಳು, ಬಿಡಬೇಕೆಂದು ಗೊತ್ತಾಗದೆ. ಆಕೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿದವಳು ತಮ್ಮನ ಹೆಂಡತಿಯಲ್ಲ, ನಾನು. ಆ ಹೆಣ್ಣುಮಗಳು ಸುಟ್ಟ ಕೈಗೆ ಮುಲಾಮು ಹಚ್ಚುತ್ತ ನನಗಿಂತ ಹೆಚ್ಚು ಅತ್ತಳು.

ಈಗ ಎರಡು ತಿಂಗಳಿಗೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹರಪನಹಳ್ಳಿ ದಾಟುವಷ್ಟರಲ್ಲಿ ಅವ್ವನಿಗೆ ಬಸ್ಸು ಯಾಕೆ ಹತ್ತಿದ್ದು ಎಂಬುದು ಮರೆತು, ಇಳಿಸು ಇಳಿಸು ಎಂದು ಸೀಟು ಬಡಿಯುತ್ತಾಳೆ. ಕಂಡಕ್ಟರು ಬೈಯುತ್ತಾನೆ, ನಾನು ಅವನಿಗೆ ಬೈಯುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಆ ಕೋಣೆ ಆಗಿದ್ದರೆ ಈ ದಾರಿಯೆಲ್ಲ ಇರುತ್ತಿರಲಿಲ್ಲ ಎಂಬುದು ಪ್ರತಿ ಸಲವೂ ನೆನಪಾಗುತ್ತದೆ.

ಮೊದಲ ಸಲ ಹೋದಾಗ ಅಲ್ಲಿನ ಡಾಕ್ಟರು, ಚಿಕ್ಕ ವಯಸ್ಸಿನವರು, ಎಲ್ಲ ನೋಡಿ ಕೇಳಿದರು. "ಇಷ್ಟು ತಡ ಯಾಕೆ ಮಾಡಿದ್ರಿ? ಎರಡು ವರ್ಷದ ಹಿಂದೆ ಬಂದಿದ್ರೆ ಸ್ವಲ್ಪ ನಿಧಾನ ಮಾಡಬಹುದಾಗಿತ್ತು. ನಿಮ್ಮ ಕಡೆ ಸರ್ಕಾರದ ಸಮೀಕ್ಷೆ ಆಗಿತ್ತಲ್ಲ, ಇವರನ್ನ ಯಾರೂ ನೋಡಲಿಲ್ವಾ?"

"ನೋಡಿದ್ರು ಸರ್," ಎಂದೆ.

ಅವರು ಅವ್ವನ ಕಡೆ ಬಾಗಿ, "ಅಜ್ಜಿ, ನಿಮ್ಮ ಹೆಸರೇನು?" ಎಂದರು. ಅವ್ವ ನಕ್ಕಳು. "ಯಾವ ಊರು?" ಅದಕ್ಕೂ ನಕ್ಕಳು. ಅವರು ನನ್ನ ಕಡೆ ಕೈ ತೋರಿಸಿ, "ಇವರು ಯಾರು ಅಂತ ಹೇಳ್ತೀರಾ?" ಎಂದರು.

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಹುಬ್ಬು ಗಂಟಿಕ್ಕಿತು. ಏನೋ ಹುಡುಕುತ್ತಿದ್ದಳು, ಅದು ಸಿಗುತ್ತಿರಲಿಲ್ಲ. ಆಮೇಲೆ ಅವಳ ಮುಖ ಅರಳಿತು. ಸುಟ್ಟ ಕಲೆಯ ಅಂಗೈ ಎತ್ತಿ ಡಾಕ್ಟರ ಮೇಜಿನ ಮೇಲೆ ಬಡಿದಳು.

"ಬೆಲ್ಲ." ಇನ್ನೊಮ್ಮೆ ಬಡಿದಳು. "ಹಗ್ಗ." ಇನ್ನೊಮ್ಮೆ. "ಎಮ್ಮಿ."

ನನ್ನ ಕಡೆ ತಿರುಗಿದಳು. "ಸರಿ ಹೇಳಿದ್ನಿಲ್ಲ?"

"ಸರಿ ಹೇಳಿದಿ ಯವ್ವಾ," ಎಂದೆ.

ಡಾಕ್ಟರು ಪೆನ್ನು ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿದರು. "ಏನಿದು?" ಎಂದು ಕೇಳಿದರು.

"ನಾನ ಕಲಿಸಿದ್ದು ಸರ್."